ವ್ರತಕ್ಕೊಂದು ಬೇಲಿ: ವ್ಯಸನ ಬಿಟ್ಟವರು ದಿನ ಕಟ್ಟಿಕೊಳ್ಳುವ ಬಗೆ

ಸಪ್ತವ್ಯಸನಗಳ ತ್ಯಾಗ ಶ್ರಾವಕಧರ್ಮದ ಮೊದಲ ಮೆಟ್ಟಿಲು. ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳ್ಳತನ, ಪರಸ್ತ್ರೀಗಮನ ಎಂಬ ಏಳನ್ನೂ ಜೈನ ಮನೆಯ ಮಕ್ಕಳು ಪಾಠಶಾಲೆಯಲ್ಲೇ ಬಾಯಿಪಾಠ ಮಾಡುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಎಂಟು ಮೂಲಗುಣಗಳಲ್ಲೂ ಮದ್ಯತ್ಯಾಗ ಸೇರಿದೆ. ಹೀಗಿದ್ದೂ ಕುಡಿತ, ಗುಟ್ಕಾ, ಮೊಬೈಲಿನ ಜೂಜು ನಮ್ಮ ಮನೆಗಳ ಹೊಸ್ತಿಲು ದಾಟಿಲ್ಲ ಎನ್ನುವಂತಿಲ್ಲ. ದಾಟಿದಾಗ ಅದನ್ನು ಹೇಳಿಕೊಳ್ಳುವುದೇ ಕಷ್ಟ. “ನಮ್ಮ ಮನೆತನದಲ್ಲಿ ಇಂಥದ್ದಿಲ್ಲ” ಎಂಬ ಮಾತಿನ ಹಿಂದೆ ಎಷ್ಟೋ ವರ್ಷಗಳು ಕಳೆದುಹೋಗುತ್ತವೆ.

ಕೊನೆಗೊಂದು ದಿನ ಮನೆಯವರು ಆತನನ್ನು ಬಸದಿಗೆ ಕರೆದೊಯ್ದು, ಮುನಿಗಳ ಮುಂದೆ ನಿಯಮ ಕೊಡಿಸುತ್ತಾರೆ. ಮೂರು ವಾರ ಎಲ್ಲವೂ ಚೆನ್ನಾಗಿರುತ್ತದೆ. ಆಮೇಲೆ ಸ್ನೇಹಿತನ ಮನೆಯ ಒಂದು ಮದುವೆ, ಒಂದು ಗ್ಲಾಸು. ವ್ರತ ಮುರಿಯಿತಲ್ಲ ಎಂಬ ನಾಚಿಕೆಯಲ್ಲಿ ಆತ ಅದನ್ನು ಯಾರಿಗೂ ಹೇಳುವುದಿಲ್ಲ. ಹೇಗೂ ಮುರಿದಾಯಿತು, ಇನ್ನೇನು ಎಂದು ಎರಡನೆಯದು. ತಿಂಗಳು ತುಂಬುವುದರೊಳಗೆ ಕುಡಿತ ಮೊದಲಿಗಿಂತ ಜೋರಾಗಿರುತ್ತದೆ. ಮನೆಯವರು “ದೇವರ ಮುಂದೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಲಿಲ್ಲ” ಎಂದು ಕೈಚೆಲ್ಲುತ್ತಾರೆ.

ಇಲ್ಲಿ ತಪ್ಪಿದ್ದು ನಿಯಮದಲ್ಲಿ ಅಲ್ಲ. ನಿಯಮದ ಸುತ್ತ ಬೇಲಿ ಇರಲಿಲ್ಲ, ಜಾರಿದಾಗ ಮರಳುವ ದಾರಿಯನ್ನು ಯಾರೂ ಮೊದಲೇ ಹೇಳಿಕೊಟ್ಟಿರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ವ್ರತಗಳನ್ನು ಹೇಳಿ ಅಷ್ಟಕ್ಕೇ ಬಿಡುವುದಿಲ್ಲ. ವ್ರತ ಸ್ಥಿರವಾಗಲು ಒಂದೊಂದಕ್ಕೂ ಐದೈದು ಭಾವನೆಗಳನ್ನು ಹೇಳುತ್ತದೆ. ಸಂಕಲ್ಪ ಒಂದು ಕ್ಷಣದ್ದು, ಅದನ್ನು ಕಾಯುವುದು ಪ್ರತಿದಿನದ ಅಭ್ಯಾಸ ಎಂಬ ಅರಿವು ಅದರಲ್ಲಿದೆ. ಇಂದಿನ ವ್ಯಸನಮುಕ್ತಿ ಚಿಕಿತ್ಸೆಯೂ ಹೇಳುವುದು ಇದನ್ನೇ.

ಚಟ ಎಲ್ಲಿ ಕಾಯಿಲೆಯಾಗುತ್ತದೆ?

ವೈದ್ಯರು ವ್ಯಸನವನ್ನು ಗುರುತಿಸಲು ಆರು ಲಕ್ಷಣಗಳನ್ನು ನೋಡುತ್ತಾರೆ: ತಡೆಯಲಾಗದ ಬಯಕೆ, ಯಾವಾಗ ಶುರು, ಎಷ್ಟಕ್ಕೆ ನಿಲ್ಲಿಸಬೇಕು ಎಂಬ ಹಿಡಿತ ತಪ್ಪುವುದು, ಬಿಟ್ಟಾಗ ಕೈನಡುಕ, ಬೆವರು, ನಿದ್ರೆಗೇಡು, ಅದೇ ಮತ್ತಿಗೆ ದಿನದಿಂದ ದಿನಕ್ಕೆ ಹೆಚ್ಚು ಬೇಕಾಗುವುದು, ಮನೆ, ಕೆಲಸ, ಇತರ ಆಸಕ್ತಿಗಳು ಹಿಂದೆ ಸರಿಯುವುದು, ಹಾನಿಯಾಗುತ್ತಿದೆ ಎಂದು ತಿಳಿದೂ ಮುಂದುವರಿಸುವುದು. ಒಂದು ವರ್ಷದ ಅವಧಿಯಲ್ಲಿ ಇವುಗಳಲ್ಲಿ ಮೂರು ಅಥವಾ ಹೆಚ್ಚು ಒಟ್ಟಿಗೆ ಕಂಡರೆ ಅದು ಅವಲಂಬನೆ ಎಂಬ ಕಾಯಿಲೆ.

ಮೆದುಳು ತನಗೆ ಸುಖ ಕೊಟ್ಟದ್ದನ್ನು, ಅದು ಸಿಕ್ಕ ಜಾಗ, ಹೊತ್ತು, ಜೊತೆಗಾರರ ಸಮೇತ ನೆನಪಿಟ್ಟುಕೊಳ್ಳುತ್ತದೆ. ಹೀಗಾಗಿ ಕುಡಿತ ಬಿಟ್ಟು ಆರು ತಿಂಗಳಾದ ಮೇಲೂ, ಹಳೆಯ ಅಂಗಡಿಯ ಮುಂದೆ ಸಂಜೆ ಏಳಕ್ಕೆ ಹಾದುಹೋದರೆ ಬಯಕೆ ಏಳಬಹುದು. ಅದು ಸಂಕಲ್ಪ ಸುಳ್ಳೆಂಬುದರ ಗುರುತಲ್ಲ. ಮೆದುಳು ಹಳೆಯ ಪಾಠವನ್ನು ಇನ್ನೂ ಮರೆತಿಲ್ಲ, ಅಷ್ಟೆ.

ನಿಯಮಕ್ಕೂ ಮೊದಲು ವೈದ್ಯರು

ಹಲವು ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಕೊನೆಯ ಗ್ಲಾಸಿನ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಮೊದಲ 2 ದಿನಗಳಲ್ಲಿ ಫಿಟ್ಸ್ ಬರುವ ಸಂಭವವಿದೆ. 2ರಿಂದ 4ನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಎಲ್ಲಿದ್ದೇನೆಂಬುದು ತಿಳಿಯದು, ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಸಂಚಕಾರ. ದೀರ್ಘಕಾಲ ನಿದ್ರೆ ಮಾತ್ರೆ ನುಂಗಿದವರಿಗೂ ಇದೇ ಎಚ್ಚರಿಕೆ. ಬಿಡುವ ತೀರ್ಮಾನವಾದ ಕೂಡಲೇ ಮೊದಲು ವೈದ್ಯರನ್ನು ಕಾಣಬೇಕು. ಆಸ್ಪತ್ರೆಯಲ್ಲಿ ಒಂದು ವಾರ ಮಾತ್ರೆಗಳ ಆಸರೆಯಲ್ಲಿ ದೇಹವನ್ನು ಇಳಿಸಿಕೊಂಡ ಮೇಲೆ ನಿಯಮ ತೆಗೆದುಕೊಂಡರೆ ಅದು ನಿಲ್ಲುವ ಸಾಧ್ಯತೆಯೂ ಹೆಚ್ಚು.

ನಮ್ಮ ಮನೆಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಮೂರು ವಿಷಯಗಳಿವೆ.

ಮೊದಲನೆಯದು ಉಪವಾಸ. ಪಶ್ಚಾತ್ತಾಪದಿಂದ ಕೆಲವರು ಕುಡಿತ ಬಿಟ್ಟ ವಾರವೇ ಉಪವಾಸಕ್ಕೆ ಕೂರುತ್ತಾರೆ. ಹೆಚ್ಚು ಕುಡಿಯುವವರ ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವದ ಕೊರತೆ ಸಾಮಾನ್ಯ. ಅದು ಮುಂದುವರಿದರೆ ನೆನಪಿನ ಶಕ್ತಿಗೇ ಪೆಟ್ಟು ಬೀಳುತ್ತದೆ. ದೇಹ ಚೇತರಿಸಿಕೊಳ್ಳುವ ತನಕ ನೀರು, ಊಟ, ಮಾತ್ರೆ ತಪ್ಪಬಾರದು. ತಪಸ್ಸು ಮಾಡಲೇಬೇಕೆಂದಿದ್ದರೆ ಒಂದು ರುಚಿಯನ್ನು ಬಿಡುವುದು, ಮಾತು ಕಡಿಮೆ ಮಾಡುವುದು, ಸ್ವಾಧ್ಯಾಯ, ಸೇವೆ ಇವೆಲ್ಲ ಇವೆ.

ಎರಡನೆಯದು ರಾತ್ರಿಭೋಜನ ತ್ಯಾಗ. ಈ ನಿಯಮ ಇರುವವರು ಅದನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಿದರೆ, ಸಾಧ್ಯವಾದ ಮಾತ್ರೆಗಳನ್ನು ಸೂರ್ಯಾಸ್ತಕ್ಕೆ ಮೊದಲು ತೆಗೆದುಕೊಳ್ಳುವಂತೆ ಅವರು ಹೊಂದಿಸಿಕೊಡಬಹುದು. ಹೇಳದೆ ರಾತ್ರಿಯ ಮಾತ್ರೆಯನ್ನು ಬಿಟ್ಟುಬಿಡುವುದು ಸರಿಯಲ್ಲ.

ಮೂರನೆಯದು ಗುಟ್ಟಾಗಿ ಕೊಡುವ ಔಷಧ. ಕುಡಿತ ಬಿಡಿಸುವ ಪುಡಿ, ಮಾತ್ರೆಗಳನ್ನು ಗೊತ್ತಾಗದಂತೆ ಸಾರಿಗೆ, ಕಾಫಿಗೆ ಬೆರೆಸುವ ರೂಢಿ ಹಲವೆಡೆ ಇದೆ. ಡೈಸಲ್ಫಿರಾಂನಂಥ ಔಷಧ ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಅದನ್ನು ಕೊಡಬೇಕು. ಅದನ್ನು ಸೇವಿಸುವವರು ಆಸವ, ಅರಿಷ್ಟಗಳಿಂದಲೂ ದೂರವಿರಬೇಕು. ಹುದುಗಿನಿಂದ ತಯಾರಾಗುವ ಅವುಗಳಲ್ಲಿ ಸಹಜವಾಗಿಯೇ ಮದ್ಯಾಂಶ ಇರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿಯೂ ಇರುತ್ತದೆ.

ಬಯಕೆ ಒಂದು ಅಲೆ

ಬಯಕೆ ಎದ್ದಾಗ ಅದು ಏರುತ್ತಲೇ ಹೋಗುತ್ತದೆ, ತೀರಿಸಿದರೆ ಮಾತ್ರ ಇಳಿಯುತ್ತದೆ ಎಂದು ವ್ಯಸನಿಗೆ ಅನಿಸುತ್ತದೆ. ನಿಜದಲ್ಲಿ ಅದು ಅಲೆಯ ಹಾಗೆ ಏರಿ, ತುದಿ ಮುಟ್ಟಿ, ತಾನೇ ಇಳಿಯುತ್ತದೆ. ಸಾಮಾನ್ಯವಾಗಿ 15ರಿಂದ 30 ನಿಮಿಷದ ಆಟ ಅದು. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇದನ್ನೇ ಆಧಾರ ಮಾಡಿಕೊಂಡು, ಬಯಕೆಯೊಡನೆ ಗುದ್ದಾಡದೆ, ಅದಕ್ಕೆ ಸೋಲದೆ, ಅದನ್ನು ನೋಡುತ್ತ ಕೂರುವ ಕ್ರಮವನ್ನು ಕಲಿಸಿದರು.

ಸಾಮಾಯಿಕದ ಅಭ್ಯಾಸ ಇರುವವರಿಗೆ ಈ ಕ್ರಮ ಹೊಸದೆನಿಸದು. ಸಾಮಾಯಿಕದ ಒಂದು ಮುಹೂರ್ತ ಎಂದರೆ 48 ನಿಮಿಷ, ಅಲೆ ಎದ್ದು ಇಳಿಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. ಮಾಡುವ ಬಗೆ ಸರಳ. ಇದ್ದಲ್ಲಿಂದ ಎದ್ದು ಬೇರೆ ಕಡೆ ಕುಳಿತುಕೊಳ್ಳಬೇಕು. ಬಯಕೆ ದೇಹದ ಯಾವ ಭಾಗದಲ್ಲಿದೆ ಎಂದು ಗಮನಿಸಬೇಕು: ಗಂಟಲು ಒಣಗಿದೆಯೇ, ಎದೆ ಬಿಗಿದಿದೆಯೇ, ಕೈ ಚಡಪಡಿಸುತ್ತಿದೆಯೇ? “ಬಯಕೆ ಬಂದಿದೆ, ಇದು ನಾನಲ್ಲ” ಎಂದು ಹೇಳಿಕೊಂಡು ಉಸಿರಿನ ಕಡೆ ಗಮನ ತರಬೇಕು. ಒಂದು ಕಾಯೋತ್ಸರ್ಗಕ್ಕೆ 27 ಉಸಿರುಗಳಲ್ಲಿ 9 ಬಾರಿ ಣಮೋಕಾರ ಎಂಬ ಲೆಕ್ಕವಿದೆ. ಅದನ್ನೇ ಬೇಕಾದಷ್ಟು ಬಾರಿ ಮಾಡಬಹುದು. ಮನಸ್ಸು ಓಡಿಹೋದರೆ ಬೇಸರಿಸದೆ ಮತ್ತೆ ಕರೆತಂದರಾಯಿತು.

ಕೂರಲು ಆಗದಷ್ಟು ಚಡಪಡಿಕೆ ಇದ್ದರೆ ನಡೆಯಬೇಕು, ನೀರು ಕುಡಿಯಬೇಕು, ಯಾರಿಗಾದರೂ ಫೋನ್ ಮಾಡಬೇಕು. “ಇನ್ನು ಎಂದಿಗೂ ಇಲ್ಲ” ಎನ್ನುವುದಕ್ಕಿಂತ “ಇನ್ನು ಅರ್ಧ ಗಂಟೆ ಇಲ್ಲ” ಎನ್ನುವುದು ಆ ಹೊತ್ತಿಗೆ ಹೆಚ್ಚು ಕೆಲಸ ಮಾಡುತ್ತದೆ.

ಇಡೀ ದಿನಕ್ಕೂ ಇದೇ ಸೂತ್ರ. ರತ್ನಕರಂಡಕದಲ್ಲಿ ತ್ಯಾಗವನ್ನು ಎರಡಾಗಿ ಹೇಳಿದೆ: ಕಾಲಮಿತಿ ಇರುವುದು ನಿಯಮ, ಬದುಕಿರುವವರೆಗಿನದು ಯಮ. ಕುಡಿತ ಬಿಟ್ಟ ಹೊಸದರಲ್ಲಿ ಯಮದ ಭಾರ ಹೊರುವುದು ಕಷ್ಟ. ಬೆಳಿಗ್ಗೆ ಎದ್ದು “ಇವತ್ತು ಮಲಗುವವರೆಗೆ ಇಲ್ಲ” ಎಂದು ನಿಯಮ ಮಾಡಿ, ಮರುದಿನ ಅದನ್ನು ಹೊಸದಾಗಿ ತೆಗೆದುಕೊಳ್ಳಬಹುದು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿ ಈಗ ನಮ್ಮ ಊರುಗಳಲ್ಲೂ ಸಭೆ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದವರೂ ಒಂದು ದಿನದ ಲೆಕ್ಕದಲ್ಲೇ ಬದುಕುತ್ತಾರೆ.

ಹಸಿವು, ಸಿಟ್ಟು, ಒಂಟಿತನ, ದಣಿವು

ಬಯಕೆ ಬಹುಪಾಲು ಈ ನಾಲ್ಕು ಬಾಗಿಲುಗಳಿಂದ ಬರುತ್ತದೆ. ಮನಸ್ಸು ಕೆಟ್ಟಾಗಲೆಲ್ಲ ಈ ನಾಲ್ಕನ್ನು ಒಂದೊಂದಾಗಿ ಕೇಳಿಕೊಳ್ಳುವುದು ಒಳ್ಳೆಯ ರೂಢಿ.

ಹಸಿವು: ಸಂಜೆ ಆರರಿಂದ ಒಂಬತ್ತು ಹಲವರಿಗೆ ಹಳೆಯ ಕುಡಿತದ ಹೊತ್ತು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಹೊಟ್ಟೆ ತುಂಬಿದಾಗ ಬಯಕೆಯ ಬಲ ತಗ್ಗುತ್ತದೆ. ಆದರೆ ಆ ಊಟ ಬರೀ ಅವಲಕ್ಕಿ, ಹಣ್ಣಿನಲ್ಲಿ ಮುಗಿಯಬಾರದು. ರೊಟ್ಟಿ, ಬೇಳೆ, ಹೆಸರುಕಾಳಿನ ಪಲ್ಯ, ಮಜ್ಜಿಗೆ ಹೀಗೆ ರಾತ್ರಿಯಿಡೀ ಆಸರೆಯಾಗುವ ಆಹಾರ ಇರಬೇಕು.

ಸಿಟ್ಟು: ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಸಣ್ಣ ಮಾತಿಗೂ ಸಿಡುಕುವುದು ಸಹಜ. ಆ ಹೊತ್ತಿನಲ್ಲಿ ಹಳೆಯ ಸಾಲ, ಹಳೆಯ ತಪ್ಪುಗಳ ವಿಚಾರಣೆ ಬೇಡ. ಅದಕ್ಕೊಂದು ದಿನ ಗೊತ್ತುಮಾಡಿ ಆಪ್ತ ಸಲಹೆಗಾರರ ಮುಂದೆ ಮಾತಾಡಬಹುದು.

ಒಂಟಿತನ: ಕುಡಿತದೊಂದಿಗೆ ಗೆಳೆಯರ ಗುಂಪೂ ಹೋಗುತ್ತದೆ. ಆ ಜಾಗ ಖಾಲಿ ಉಳಿದರೆ ಹಳೆಯ ಗುಂಪೇ ಮತ್ತೆ ಕರೆಯುತ್ತದೆ. ಸಂಜೆಯ ಆರತಿ, ಬಸದಿಯ ಅಂಗಳ ಗುಡಿಸುವ ಸೇವೆ, ಸ್ವಾಧ್ಯಾಯದ ಗುಂಪು, ವಾಲಿಬಾಲ್ ಆಟ, ಚೇತರಿಸಿಕೊಂಡವರ ಸಭೆ ಯಾವುದಾದರೂ ಆಗಬಹುದು. ದಿನಕ್ಕೆ ಒಂದು ಗಂಟೆ ಮನುಷ್ಯರ ನಡುವೆ ಇರಬೇಕು.

ದಣಿವು: ಮದ್ಯ ಬಿಟ್ಟ ಮೇಲೆ ನಿದ್ರೆ ಸರಿಯಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮಧ್ಯಾಹ್ನದ ಮೇಲೆ ಕಾಫಿ, ಚಹಾ ಬಿಡುವುದು, ದಿನವೂ ಒಂದೇ ಹೊತ್ತಿಗೆ ಏಳುವುದು, ಬೆಳಗಿನ ಬಿಸಿಲಲ್ಲಿ ಅರ್ಧ ಗಂಟೆ ನಡೆಯುವುದು, ಮಲಗುವ ಕೋಣೆಯಿಂದ ಮೊಬೈಲ್ ಹೊರಗಿಡುವುದು ಇವು ನಿಧಾನವಾಗಿ ಫಲ ಕೊಡುತ್ತವೆ. ನಿದ್ರೆಗೆಂದು ತಾವೇ ಮಾತ್ರೆ ಕೊಂಡು ನುಂಗುವುದು ಒಂದು ವ್ಯಸನ ಬಿಟ್ಟು ಇನ್ನೊಂದನ್ನು ಹಿಡಿದಂತೆ.

ಇವುಗಳ ಜೊತೆಗೆ ಹಣದ ಬಾಗಿಲೂ ಇದೆ. ಸಂಬಳದ ದಿನ ಕೈಯಲ್ಲಿ ನಗದು ಇರದಂತೆ ನೋಡಿಕೊಳ್ಳುವುದು ಒಳ್ಳೆಯದು. ಮೊಬೈಲ್ ಜೂಜಿನ ಚಟ ಇದ್ದವರಿಗಂತೂ ಬ್ಯಾಂಕ್ ಖಾತೆಯ ದಿನದ ಮಿತಿ ತಗ್ಗಿಸಿ, ಆ್ಯಪ್‌ಗಳನ್ನು ಅಳಿಸಿ, ಸ್ವಲ್ಪ ಕಾಲ ಹಣದ ವ್ಯವಹಾರವನ್ನು ಮನೆಯ ಇನ್ನೊಬ್ಬರಿಗೆ ಒಪ್ಪಿಸುವುದೇ ಬೇಲಿ. ಮದುವೆ, ಪಾರ್ಟಿಗಳಲ್ಲಿ ಹೇಳಬೇಕಾದ ಮಾತನ್ನೂ ಮೊದಲೇ ಬಾಯಿಗೆ ರೂಢಿ ಮಾಡಿಕೊಂಡಿರಬೇಕು: “ಡಾಕ್ಟರು ಬೇಡ ಅಂದಿದ್ದಾರೆ, ಮಾತ್ರೆ ನಡೀತಿದೆ.” ಇದಕ್ಕಿಂತ ಹೆಚ್ಚು ವಿವರಣೆ ಯಾರಿಗೂ ಬೇಕಿಲ್ಲ.

ಬೇಲಿಯ ಬಳಿಯ ಎತ್ತು

ವ್ರತಭಂಗ ಒಮ್ಮೆಗೇ ಆಗುವುದಿಲ್ಲ ಎಂದು ಆಚಾರಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ಅದಕ್ಕೆ ನಾಲ್ಕು ಹಂತಗಳು. ಮುದಿ ಎತ್ತಿನ ದೃಷ್ಟಾಂತ ಇದಕ್ಕೆ ಪ್ರಸಿದ್ಧ. ಬೇಲಿಯಾಚೆಯ ಹಸಿರು ಪೈರನ್ನು ಕಂಡು ಎತ್ತಿಗೆ ಆಸೆಯಾಗುತ್ತದೆ, ಇದು ಅತಿಕ್ರಮ. ಬೇಲಿಯ ಸಂದಿಯಲ್ಲಿ ಮೂತಿ ತೂರಿಸುತ್ತದೆ, ಇದು ವ್ಯತಿಕ್ರಮ. ಒಂದು ಬಾಯಿ ಮೇಯುತ್ತದೆ, ಇದು ಅತಿಚಾರ. ಕೊನೆಗೆ ಬೇಲಿ ಮುರಿದು ಹೊಲಕ್ಕೇ ನುಗ್ಗುತ್ತದೆ, ಇದು ಅನಾಚಾರ.

ಕುಡಿತಕ್ಕೆ ಮರಳುವವರೂ ಇದೇ ದಾರಿಯಲ್ಲಿ ಹೋಗುತ್ತಾರೆ. “ಆ ದಿನಗಳೇ ಚೆನ್ನಾಗಿದ್ದವು” ಎಂಬ ನೆನಪು ಮೊದಲನೆಯ ಹಂತ. “ಸುಮ್ಮನೆ ಕೂತು ಬರುತ್ತೇನೆ, ನಾನು ಸೋಡಾ ಕುಡಿಯುತ್ತೇನೆ” ಎಂದು ಹಳೆಯ ಗುಂಪಿನ ಕಡೆ ಹೋಗುವುದು ಎರಡನೆಯದು. ಒಂದು ಗ್ಲಾಸು ಮೂರನೆಯದು. ಪೂರ್ತಿ ಹಳೆಯ ಬದುಕು ನಾಲ್ಕನೆಯದು. ಚಿಕಿತ್ಸಕರು ಇಂದು ಒಮ್ಮೆ ಜಾರುವುದನ್ನೂ ಪೂರ್ತಿ ಮರಳಿ ಬೀಳುವುದನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ಮೂರನೆಯದರಿಂದ ನಾಲ್ಕನೆಯದಕ್ಕೆ ತಳ್ಳುವುದು ಮದ್ಯವೊಂದೇ ಅಲ್ಲ, “ಎಲ್ಲ ಮುಗಿಯಿತು, ನಾನು ಕೆಟ್ಟವನು” ಎಂಬ ನಾಚಿಕೆಯೂ ಹೌದು ಎಂದು ಮಾರ್ಲಾಟ್ ತೋರಿಸಿಕೊಟ್ಟರು.

ಆದ್ದರಿಂದ ಮನಸ್ಸಿನಲ್ಲಿ ಆಸೆ ಮೂಡಿದ ಹಂತದಲ್ಲೇ ಅದನ್ನು ಯಾರಿಗಾದರೂ ಹೇಳುವುದು ಮೊದಲ ಉಪಾಯ. ಜಾರಿಬಿಟ್ಟರೆ ಅದೇ ದಿನ ಹೇಳುವುದು ಎರಡನೆಯ ಉಪಾಯ. ತತ್ತ್ವಾರ್ಥಸೂತ್ರ ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಎಣಿಸುವಾಗ ಆಲೋಚನೆಯಿಂದ, ಅಂದರೆ ದೋಷವನ್ನು ಮುಚ್ಚಿಡದೆ ಗುರುವಿನ ಮುಂದೆ ನಿವೇದಿಸುವುದರಿಂದ ಆರಂಭಿಸುತ್ತದೆ. ಉಪಸ್ಥಾಪನೆಯಲ್ಲಿ, ಅಂದರೆ ಮರಳಿ ವ್ರತದಲ್ಲಿ ನೆಲೆಗೊಳಿಸುವುದರಲ್ಲಿ ಮುಗಿಸುತ್ತದೆ. ಮುನಿಗಳ ಆಚಾರಕ್ಕಾಗಿ ಹೇಳಿದ ಈ ಕ್ರಮ ಗೃಹಸ್ಥನಿಗೂ ದಾರಿ ತೋರಿಸುತ್ತದೆ. ಜಾರಿದ ದಿನ ಮಾಡಬೇಕಾದದ್ದು ಇಷ್ಟೆ: ಉಳಿದದ್ದನ್ನು ಚೆಲ್ಲುವುದು, ಆ ಜಾಗ ಬಿಡುವುದು, ನಂಬಿಕೆಯ ಒಬ್ಬರಿಗೆ ಹೇಳುವುದು, ಮರುದಿನವೇ ವೈದ್ಯರನ್ನು ಕಾಣುವುದು. ರಾತ್ರಿಯ ಪ್ರತಿಕ್ರಮಣದ ಹೊತ್ತಿನಲ್ಲಿ “ಇವತ್ತು ಯಾವ ಬಾಗಿಲಿಂದ ಬಂತು?” ಎಂದು ನೋಡಿ ಬರೆದಿಟ್ಟುಕೊಂಡರೆ ಬೇಲಿಯ ಆ ಸಂದಿಯನ್ನು ಮುಚ್ಚಬಹುದು.

ಹೆರಾಯಿನ್, ನೋವಿನ ಇಂಜೆಕ್ಷನ್‌ನಂಥ ಅಫೀಮಿನ ಜಾತಿಯ ಮಾದಕ ಬಿಟ್ಟವರು ಒಂದು ಎಚ್ಚರಿಕೆ ಮರೆಯಬಾರದು. ಬಿಟ್ಟ ಕೆಲವೇ ವಾರಗಳಲ್ಲಿ ದೇಹದ ಸಹಿಸುವ ಶಕ್ತಿ ಇಳಿಯುತ್ತದೆ. ಹಿಂದಿನ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಮನೆಯವರ ಪಾಲು: ಉಪಗೂಹನ, ಸ್ಥಿತಿಕರಣ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಇನ್ನೊಬ್ಬರ ದೋಷವನ್ನು ಬೀದಿಗೆ ತರದಿರುವುದು ಉಪಗೂಹನ. ದಾರಿ ತಪ್ಪುತ್ತಿರುವವರನ್ನು ಮರಳಿ ನೆಲೆಗೊಳಿಸುವುದು ಸ್ಥಿತಿಕರಣ. ಮೊದಲನೆಯದನ್ನು ಹಲವರು ತಪ್ಪಾಗಿ ತಿಳಿದಿದ್ದಾರೆ. ನೆಂಟರ ಬಾಯಿಗೆ ಬೀಳದಂತೆ ಕಾಯುವುದು ಉಪಗೂಹನ. ವೈದ್ಯರಿಂದಲೂ ಮುಚ್ಚಿಡುವುದು, ಸಾಲ ತೀರಿಸುತ್ತ ಹೋಗುವುದು, ಕಚೇರಿಗೆ ಫೋನ್ ಮಾಡಿ ಜ್ವರವೆಂದು ಸುಳ್ಳು ಹೇಳುವುದು ಕಾಯಿಲೆಗೆ ನೀರೆರೆದಂತೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಮರ್ಯಾದೆಯ ಭಯದಿಂದ ಆಸ್ಪತ್ರೆ ತಪ್ಪಿಸಬೇಕಿಲ್ಲ.

ಸ್ಥಿತಿಕರಣಕ್ಕೆ ದೃಷ್ಟಾಂತವಾಗಿ ಹೇಳುವುದು ಶ್ರೇಣಿಕ ಮಹಾರಾಜನ ಮಗ ವಾರಿಷೇಣ ಮುನಿಯ ಕಥೆ. ಆತನ ಗೆಳೆಯ ಪುಷ್ಪಡಾಲ ದೀಕ್ಷೆ ಪಡೆದು ಹನ್ನೆರಡು ವರ್ಷವಾದರೂ ಮನೆಯಲ್ಲಿ ಬಿಟ್ಟುಬಂದ ಹೆಂಡತಿಯ ನೆನಪಿನಿಂದ ಬಿಡಿಸಿಕೊಂಡಿರಲಿಲ್ಲ. ವಾರಿಷೇಣ ಅವನನ್ನು ದೂಡಲಿಲ್ಲ. ತನ್ನದೇ ಅರಮನೆಗೆ ಜೊತೆಯಲ್ಲಿ ಕರೆದೊಯ್ದು, ತಾನು ಬಿಟ್ಟುಬಂದ ವೈಭವವನ್ನು ತೋರಿಸಿ, ಅವನೇ ಅರಿತುಕೊಳ್ಳುವಂತೆ ಮಾಡಿದ. ಹನ್ನೆರಡು ವರ್ಷದ ಬಳಿಕವೂ ಕೈಬಿಡದೆ ಜೊತೆಗೆ ನಡೆದದ್ದು ಇಲ್ಲಿ ಗಮನಿಸಬೇಕಾದ ಅಂಶ.

ಮನೆಯವರು ಮಾಡಬಹುದಾದದ್ದೂ ಅದೇ. ಕುಡಿಯದ ದಿನವನ್ನು ಗುರುತಿಸಿ ಒಂದು ಒಳ್ಳೆಯ ಮಾತಾಡಬೇಕು, ಮತ್ತಿನಲ್ಲಿರುವಾಗ ವಾದಕ್ಕಿಳಿಯಬಾರದು. ಪ್ರತಿ ಸಂಜೆ ಬಾಯಿ ಮೂಸಿ ನೋಡುವುದಕ್ಕಿಂತ ಆಸ್ಪತ್ರೆಯ ಭೇಟಿಗೆ ಜೊತೆಯಾಗುವುದು ಮೇಲು. ಹೊಡೆತ, ಬೆದರಿಕೆ ಇದ್ದಲ್ಲಿ ಮಾತ್ರ ಸಹನೆಯ ಮಾತಿಲ್ಲ, ಹೆಂಡತಿ ಮಕ್ಕಳ ಸುರಕ್ಷತೆ ಮೊದಲು. ವರ್ಷಗಟ್ಟಲೆ ಕಾದು ಸೋತ ಮನೆಯವರಿಗೂ ನಿದ್ರೆ, ಊಟ, ಮಾತಾಡಲು ಒಬ್ಬರು ಬೇಕು.

ನೆರವು ಎಲ್ಲಿ?

ವ್ಯಸನದ ಜೊತೆಗೆ ಖಿನ್ನತೆ, ಆತಂಕ ಇರುವುದು ಸಾಮಾನ್ಯ. ಬಿಟ್ಟ ಮೇಲೂ ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾಸ್ಪತ್ರೆಗಳ ಮನೋವೈದ್ಯರನ್ನೂ ಕಾಣಬಹುದು. ಧರ್ಮಸ್ಥಳದ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಶಿಬಿರಕ್ಕೆ ಸೇರುವ ಮೊದಲೂ ದೇಹದ ಸ್ಥಿತಿಯನ್ನು ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಬಸದಿಗೆ ಬಂದು ನಿಯಮ ಕೇಳುವ ಯುವಕನಿಗೆ ನಿಯಮ ಸಿಗಲಿ. ಅದರ ಜೊತೆಗೆ ಒಬ್ಬ ವೈದ್ಯರ ಹೆಸರು, ಸಂಜೆ ಆರಕ್ಕೆ ಹೊಟ್ಟೆ ತುಂಬ ಊಟ, ಬಯಕೆ ಬಂದಾಗ ಫೋನ್ ಮಾಡಲು ಒಬ್ಬ ಗೆಳೆಯ, ಜಾರಿದ ರಾತ್ರಿಯೂ ತಟ್ಟಬಹುದಾದ ಒಂದು ಬಾಗಿಲು ಇವೂ ಸಿಗಲಿ. ಇಷ್ಟನ್ನು ಹೊಂದಿಸಿಕೊಡುವುದೇ ಆ ವ್ರತಕ್ಕೆ ಸಮಾಜ ಕಟ್ಟಬಹುದಾದ ಬೇಲಿ.